ಅಕ್ಟೋಬರ್ ಆಗುವುದಿಲ್ಲ, ವೆಂಡೆಲ್

ಮಿಲ್ವಾಕಿ, ಏಪ್ರಿಲ್ 19

ಪ್ರೀತಿಯ ವೆಂಡೆಲ್,

ಅಕ್ಟೋಬರ್‌ನಲ್ಲಿ ಮದುವೆಯಾಗೋಣವೇ ಎಂದು ಕೇಳಿದ್ದೆಯಲ್ಲ. ಮದುವೆಗೆ ನನ್ನ ಒಪ್ಪಿಗೆಯಿದೆ, ಆದರೆ ಅಕ್ಟೋಬರ್ ಆಗುವುದಿಲ್ಲ. ಆಗ ನಮ್ಮ ಮಿಲ್ವಾಕಿ ತಂಡ ಪ್ಲೇಆಫ್ ಆಡುತ್ತಿರುತ್ತದೆ!

ಬೇಸ್‌ಬಾಲ್ ಶುರುವಾಗಿ ಮೂರೇ ವಾರ, ನಿಜ. ಆದರೂ ನಮ್ಮ ವಿಭಾಗದ ಉಳಿದ ನಾಲ್ಕೂ ತಂಡಗಳನ್ನು ನೋಡಿಬಿಟ್ಟೆ. ಪಿಟ್ಸ್‌ಬರ್ಗ್‌ನಲ್ಲಿ ಚೆಂಡೆಸೆಯುವವರಿದ್ದಾರೆ, ಹೊಡೆಯುವವರೇ ಇಲ್ಲ. ಸಿನ್ಸಿನಾಟಿ ಜುಲೈವರೆಗೆ ಹಾರಾಡಿ ಸುಸ್ತಾಗುತ್ತದೆ. ಷಿಕಾಗೋ ಕಂಡರೆ ಮಾತ್ರ ಸ್ವಲ್ಪ ಭಯ. ನಿಮ್ಮ ಸೇಂಟ್ ಲೂಯಿಸ್ ಬಗ್ಗೆ ಮದುವೆಗೆ ಮುಂಚೆ ಬಾಯಿ ಬಿಡುವುದಿಲ್ಲ.

ನಿನ್ನೆ ಪಂದ್ಯ ನೋಡುತ್ತ ಅಪ್ಪನಿಗೆ ವಿಷಯ ಹೇಳಿದೆ. ಅಪ್ಪ ಸಾಸೇಜ್ ಕೆಳಗಿಟ್ಟು, "ಐವತ್ತೆಂಟು ವರ್ಷ ಕಾದು ಕೊನೆಗೆ ಸೇಂಟ್ ಲೂಯಿಸಿನೋನೇ ಸಿಕ್ಕಿದ್ನೇನೇ ನಿಂಗೆ?" ಅಂದರು. ಅಷ್ಟರಲ್ಲಿ ನಮ್ಮವನೊಬ್ಬ ಚೆಂಡನ್ನು ಬೇಲಿಯಾಚೆ ಹೊಡೆದ. ಇಬ್ಬರೂ ಎದ್ದು ಕಿರುಚಿದೆವು. ಅಪ್ಪ ಏದುಸಿರು ಬಿಡುತ್ತ ಕೂತು, "ಬೇಗ ಮಾಡ್ಕೊಳ್ಳೇ. ಡಾಕ್ಟ್ರು ಅಕ್ಟೋಬರ್‌ವರೆಗೂ ಮಾತು ಕೊಟ್ಟಿಲ್ಲ" ಅಂದರು.

ಮೇ ಇಪ್ಪತ್ತೊಂದು, ಗುರುವಾರ, ನಮ್ಮಿಬ್ಬರ ತಂಡಗಳಿಗೂ ಬಿಡುವಿದೆ. ಚರ್ಚಿಗೆ ಹನ್ನೊಂದು ಗಂಟೆಗೆ ಹೇಳಿದ್ದೇನೆ. ನನ್ನ ಕೈ ಹಿಡಿದು ಚರ್ಚಿನೊಳಗೆ ನಿನ್ನ ಬಳಿಗೆ ನಡೆಸಿಕೊಂಡು ಬರುವಾಗ ಊರುಗೋಲು ಮುಟ್ಟುವುದಿಲ್ಲವಂತೆ ಅಪ್ಪ. ನೀನೇ ನಾಲ್ಕು ಹೆಜ್ಜೆ ಮುಂದೆ ಬಾ.

ನಿನ್ನ,
ಬರ್ನಡೀನ್