ತೆಂಕಮನೆಯ ದೋಣಿಗೆ ಬಾಗಿಲಿಲ್ಲ

ಕೊಂಡಿ ಮೂವತ್ತೊಂಬತ್ತು ಕೋಟಿ, ಎರಡನೇ ಇಳಿತದ ಹೊತ್ತು
ಕಡಲಗೋಡೆ, ದಕ್ಷಿಣ ಬಾಗಿಲು

ನಿಖಿತಾ ಮೇಸ್ತ ಅವರಿಗೆ,

ಮೇಲಿನ ತಾರೀಖು ನಿಮಗೆ ಅರ್ಥವಾಗುವುದಿಲ್ಲ. ನೀವು ಬ್ಲಾಕ್‌ಚೈನ್ ಎಂದು ಕರೆಯುವುದನ್ನು ನಾವು ಸರಪಳಿ ಎನ್ನುತ್ತೇವೆ, ಅದಕ್ಕೆ ಸೇರುವ ಒಂದೊಂದು ಬ್ಲಾಕನ್ನು ಕೊಂಡಿ ಎನ್ನುತ್ತೇವೆ, ಕಾಲವನ್ನು ಆ ಕೊಂಡಿಗಳಿಂದಲೇ ಎಣಿಸುತ್ತೇವೆ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಈ ಪತ್ರದಲ್ಲಿ ನಾನು ಕೇಳುವ ಕ್ಷಮೆ ಅದೊಂದೇ. ನೀವು ನನಗಿಂತ ಎಷ್ಟೋ ತಲೆಮಾರು ಹಿರಿಯರು, ಆದರೆ ಇದನ್ನು ಓದುವ ಹೊತ್ತಿಗೆ ನಿಮ್ಮ ವಯಸ್ಸು ನನ್ನ ಮಗಳಷ್ಟೇ. ಏನೆಂದು ಕರೆಯಬೇಕೋ ತಿಳಿಯದೆ ‘ನೀವು’ ಎನ್ನುತ್ತಿದ್ದೇನೆ. ಅದರಿಂದ ನನ್ನ ಸಿಟ್ಟು ಕಡಿಮೆ ಎಂದು ತಿಳಿಯಬೇಡಿ.

ನಾನು ತೆಂಕಮನೆಯ ಲೋಲಾಕ್ಷಿ. ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಿರುವ ಗುರುದತ್ತ ತೆಂಕಮನೆಯವರ ವಂಶದವಳು.

ನೀವು ಈಗ ಏನು ಮಾಡುತ್ತಿದ್ದೀರೆಂದು ನನಗೆ ಗೊತ್ತು. ಮೀನುಗಾರಿಕಾ ಬಂದರಿಗೆ ಬರುವ ದೋಣಿಗಳಿಗೆ ಸರದಿ ಹಂಚುವ ಒಂದು ಕರಾರನ್ನು ಕಂಪ್ಯೂಟರಿನ ಭಾಷೆಯಲ್ಲಿ ಬರೆದಿದ್ದೀರಿ. ಯಾವ ಮನೆಯ ದೋಣಿ ಒಳಗೆ ಬರಬಹುದು, ಯಾವುದು ಬರಬಾರದು ಎಂದು ಹೇಳುವ ಕರಾರು. ಇಷ್ಟು ದಿನ ಅದನ್ನು ನಿಮ್ಮ ಲ್ಯಾಪ್‌ಟಾಪಿನೊಳಗಿನ ಆಟದ ಜಾಲದಲ್ಲೇ ಓಡಿಸಿ ನೋಡಿದ್ದೀರಿ. ಅಲ್ಲಿ ಏನು ಬರೆದರೂ ಪರದೆ ಮುಚ್ಚಿದ ಕೂಡಲೇ ಅಳಿಸಿಹೋಗುತ್ತದೆ. ಹಾಗಾಗಿ ಬಾಯಿಗೆ ಬಂದದ್ದನ್ನೆಲ್ಲ ಬರೆದಿದ್ದೀರಿ. ಒಂದು ದೋಣಿಯ ಹೆಸರು ‘ಟೆಸ್ಟ್’. ಇನ್ನೊಂದರ ಹೆಸರು ಕೀಬೋರ್ಡಿನ ಮೇಲೆ ಎಡಗೈ ಆಡಿಸಿ ಬಂದ ನಾಲ್ಕು ಅಕ್ಷರ. ಕರಾರು ಯಾರನ್ನಾದರೂ ತಡೆಯುತ್ತದೆಯೇ ಎಂದು ಪರೀಕ್ಷಿಸಲು ಒಂದು ಮನೆಯ ಹೆಸರು ಬೇಕಾಯಿತು. ಪಕ್ಕಕ್ಕೆ ನೋಡಿದಿರಿ, ನಗು ಬಂತು, ಹೀಗೆ ಬರೆದಿರಿ: “ಗುರು ಕಾಫಿ ಕೊಡಿಸುವವರೆಗೂ ತೆಂಕಮನೆಯ ದೋಣಿಗೆ ಬಾಗಿಲಿಲ್ಲ.”

ತಮಾಷೆ ಅಲ್ಲಿಗೇ ಮುಗಿದಿದ್ದರೆ ನನ್ನ ಗಂಡ ಇವತ್ತು ಬದುಕಿರುತ್ತಿದ್ದ.

ಈಗ ನೀವು ಸೆಟ್ಟಿಂಗಿನ ಕಡತದಲ್ಲಿ ಸಾರ್ವಜನಿಕ ಪರೀಕ್ಷಾ ಜಾಲದ ವಿಳಾಸ ಹಾಕಿದ್ದೀರಿ, ನಿಮ್ಮ ಖಾತೆಯ ಗುಪ್ತ ಕೀಲಿ ಅಂಟಿಸಿದ್ದೀರಿ, ಆ ಜಾಲದ ಖರ್ಚಿಗೆಂದು ಪುಕ್ಕಟೆ ನಾಣ್ಯ ಸುರಿಸುವ ‘ಫಾಸೆಟ್’ ಎಂಬ ನಲ್ಲಿಯ ಮುಂದೆ ಕೈಯೊಡ್ಡಿ ಒಂದಿಷ್ಟು ತುಂಬಿಸಿಕೊಂಡಿದ್ದೀರಿ. ಆದೇಶದ ಸಾಲಿನಲ್ಲಿ ನಿಮ್ಮ ಯಂತ್ರದ ಹೆಸರಿದ್ದ ಜಾಗಕ್ಕೆ ಆ ಜಾಲದ ಹೆಸರು ಬಂದಿದೆ. ಬದಲಾದದ್ದು ಒಂದೇ ಪದ ಎಂದು ನಿಮಗೆ ಅನ್ನಿಸುತ್ತಿದೆ. ಆದರೆ ಅಲ್ಲಿ ಬರೆದದ್ದು ಎಂದಿಗೂ ಅಳಿಯುವುದಿಲ್ಲ. ಕರಾರಿನ ಜೊತೆಗೆ ಆ ಮಾದರಿ ದೋಣಿಗಳ ಪಟ್ಟಿಯೂ ಓಡುತ್ತದೆ ಎಂಬುದು ಮರೆತೇಹೋಗಿದೆ. ನೆನಪಾದರೂ ನೀವು ನಿಲ್ಲುತ್ತಿರಲಿಲ್ಲ ಬಿಡಿ. ಪರೀಕ್ಷಾ ಜಾಲ ತಾನೇ, ಯಾರು ನೋಡುತ್ತಾರೆ ಎಂದು ನಿಮ್ಮ ಕಾಲದವರೆಲ್ಲ ಹೇಳಿಕೊಂಡಿರಿ. ನಾವು ನೋಡುತ್ತಿದ್ದೇವೆ.

ನಿಜವಾದ ಹಣ ಓಡಾಡುತ್ತಿದ್ದ ನಿಮ್ಮ ಅಸಲಿ ಜಾಲ ಉಳಿಯಲಿಲ್ಲ. ಲಾಭ ನಿಂತ ದಿನ ಅದನ್ನು ನಡೆಸುತ್ತಿದ್ದವರು ಯಂತ್ರ ಆರಿಸಿ ಮನೆಗೆ ಹೋದರು. ಪರೀಕ್ಷಾ ಜಾಲದಲ್ಲಿ ಮೊದಲಿಂದಲೂ ಲಾಭವಿರಲಿಲ್ಲವಾದ್ದರಿಂದ ಬಿಟ್ಟು ಹೋಗಲು ಯಾರಿಗೂ ಕಾರಣ ಸಿಗಲಿಲ್ಲ. ಸಮುದ್ರ ಮೇಲೇರಿ ಹಳೆಯ ಬಂದರಿನ ಧಕ್ಕೆಗಳು ಮುಳುಗಿದ ಮೇಲೆ ನಮ್ಮವರು ಕಡಲಗೋಡೆ ಕಟ್ಟಿದರು. ಅದರೊಳಗೆ ನಮ್ಮ ಊರು, ತೆಪ್ಪಗಳ ಮೇಲೆ ಭತ್ತ ಬೆಳೆಯುವ ತೇಲುಗದ್ದೆಗಳು, ದೋಣಿ ನಿಲ್ಲಿಸುವ ಕೊಳ. ದೋಣಿ ಹೊರಗೆ ಹೋಗಲು ಜಾರುದಾರಿಗಳಿವೆ, ಒಳಗೆ ಬರಲು ಬಾಗಿಲುಗಳು. ಬಾಗಿಲನ್ನು ಮನುಷ್ಯರ ಕೈಗೆ ಕೊಟ್ಟರೆ ತಮ್ಮವರಿಗಷ್ಟೇ ತೆರೆಯುತ್ತಾರೆಂದು ಹೆದರಿ, ಯಾರೂ ತಿದ್ದಲಾಗದ ಕರಾರೊಂದಕ್ಕೆ ಹುಡುಕಿದರು. ನಿಮ್ಮದು ಸಿಕ್ಕಿತು. ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿತ್ತು. ಒಳ್ಳೆಯ ಕೆಲಸಗಾರ್ತಿ ನೀವು, ಅದನ್ನು ಒಪ್ಪುತ್ತೇನೆ, ಅದಕ್ಕೇ ಇನ್ನಷ್ಟು ಹೊಟ್ಟೆ ಉರಿಯುತ್ತದೆ.

ಇಲ್ಲಿ ಶಾಲೆಯ ಮಕ್ಕಳು ದಿನಾ ಬೆಳಿಗ್ಗೆ ಎದ್ದು ನಿಂತು ಆದಿದೋಣಿಗಳ ಹೆಸರು ಹೇಳುತ್ತಾರೆ. ಮೊದಲನೆಯದು ‘ಟೆಸ್ಟ್’. ನಿಮ್ಮ ಎಡಗೈಯಿಂದ ಉದುರಿದ ನಾಲ್ಕು ಅಕ್ಷರದ ದೋಣಿಗೆ ವರ್ಷಕ್ಕೊಮ್ಮೆ ಹೂವಿನ ಹಾರ ಬೀಳುತ್ತದೆ. ನಮ್ಮ ಮನೆಯ ಸಾಲು ಬಂದಾಗ ಮಕ್ಕಳು ತಲೆ ತಗ್ಗಿಸುತ್ತಾರೆ. ನನ್ನ ಮಗಳು ತಾರಿಣಿಯೂ ತಗ್ಗಿಸಿದ್ದಾಳೆ, ತನ್ನ ಮನೆಯ ಹೆಸರಿಗೆ ತಾನೇ. ಕಾಫಿ ಎಂದರೆ ಏನೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ಅಜ್ಜ ಅದು ಯಾವುದೋ ತಪ್ಪುಕಾಣಿಕೆ ಎಂದು ನಂಬಿ, ಒಮ್ಮೆ ಮುತ್ತು, ಒಮ್ಮೆ ಜೇನು, ಕೊನೆಗೆ ತನ್ನ ದೋಣಿಯನ್ನೇ ಬಾಗಿಲ ಮುಂದೆ ಇಟ್ಟು ಕಾದ. ಬಾಗಿಲು ತೆರೆಯಲಿಲ್ಲ.

ಹೊಸ ಕರಾರು ಬರೆಯೋಣ ಎಂದು ನಾನು ಬಾಗಿಲ ಸಮಿತಿಯ ಹಿರಿಯ ವಾಸುಜ್ಜನ ಹತ್ತಿರ ಎಷ್ಟು ಸಲ ಜಗಳವಾಡಿದ್ದೇನೋ ಲೆಕ್ಕವಿಲ್ಲ. ಹಳೆಯದನ್ನು ತಿದ್ದಲು ನಿಮ್ಮ ಗುಪ್ತ ಕೀಲಿ ಬೇಕು. ಅದನ್ನು ನೀವು ಕೆಲಸ ಮುಗಿದ ಮೇಲೆ ಕಸದ ಜೊತೆ ಅಳಿಸಿ ಕೈ ತೊಳೆದುಕೊಂಡಿರಿ. ವಾಸುಜ್ಜ ಪ್ರತಿಸಲವೂ ಹೇಳುವುದು ಒಂದೇ ಮಾತು: “ಹೊಸದನ್ನ ಯಾರು ನಂಬುದು ಮಾರಾಯ್ತಿ? ನಿಮ್ಮ ಹಿರಿಯರು ಎಂತದೋ ಮಾಡಿರ್ಬೇಕು. ಕಾರಣ ಇಲ್ಲದೆ ಯಾರಾದ್ರೂ ಹಾಗೆ ಬರೀತಾರಾ?” ನನಗೆ ಮೈಯೆಲ್ಲ ಉರಿಯುವುದು ಆ ಪ್ರಶ್ನೆಗೆ. ಊರಿನವರು ಆ ಕಾರಣವನ್ನು ತಾವೇ ಹುಟ್ಟಿಸಿಕೊಂಡಿದ್ದಾರೆ. ಒಬ್ಬರ ಪ್ರಕಾರ ನಾವು ಬಲೆ ಕದ್ದವರು, ಇನ್ನೊಬ್ಬರ ಪ್ರಕಾರ ಹೆಣ್ಣೊಬ್ಬಳನ್ನು ಮುಳುಗಿಸಿದವರು. ಗೋಡೆಯ ಮೆಟ್ಟಿಲು ಹತ್ತಿ ನಡೆದು ಬಂದರೆ ನಮ್ಮನ್ನು ಯಾರೂ ತಡೆಯುವುದಿಲ್ಲ. ಆದರೆ ತೆಂಕಮನೆಯವರನ್ನು ತಮ್ಮ ದೋಣಿಗೆ ಹತ್ತಿಸಿಕೊಳ್ಳುವ ಧೈರ್ಯ ಯಾರಿಗೂ ಇಲ್ಲ, ಕರಾರು ತಮ್ಮ ಮನೆಗೂ ಮುನಿದೀತು ಎಂಬ ಭಯ.

ಹಾಗಾಗಿ ನಾವು ನಮ್ಮ ದೋಣಿಯಲ್ಲಿ ಕಡಲಿಗೆ ಹೋಗುತ್ತೇವೆ, ಮರಳಿ ಬಂದು ಹೊರಗಿನ ಬಂಡೆಗಳಿಗೆ ದೋಣಿ ಕಟ್ಟಿ ಮೆಟ್ಟಿಲು ಹತ್ತುತ್ತೇವೆ. ಕಡಲು ಸುಮ್ಮನಿದ್ದಾಗ ಅದು ಸಾಧ್ಯ. ಕಳೆದ ಮಳೆಗಾಲದಲ್ಲಿ ಗಾಳಿ ಎದ್ದ ಸಂಜೆ ನನ್ನ ಗಂಡ ದಯಾನಂದ ದಕ್ಷಿಣ ಬಾಗಿಲ ಮುಂದೆ ಬಂದು ನಿಂತ. ಬಾಗಿಲು ಮನೆಯ ಹೆಸರು ಕೇಳಿತು. ಅವನು ಹೇಳಿದ, ದೋಣಿ ನಮ್ಮ ಮನೆಯದೆಂದು ಸರಪಳಿಯಲ್ಲಿ ದಾಖಲಾಗಿರುವಾಗ ಸುಳ್ಳು ಹೇಳುವಂತಿರಲಿಲ್ಲ. ಬಾಗಿಲು ತೆರೆಯಲಿಲ್ಲ. ಅವನ ಹಿಂದಿದ್ದ ದೋಣಿಗಳೆಲ್ಲ ಒಂದೊಂದಾಗಿ ಅವನನ್ನು ದಾಟಿ ಒಳಗೆ ಬಂದವು. ನಾವು ಗೋಡೆಯ ಮೇಲಿಂದ ಹಗ್ಗ ಬಿಟ್ಟೆವು. ವಾಸುಜ್ಜನೂ ಹಗ್ಗ ಹಿಡಿದಿದ್ದ, ಸುಳ್ಳು ಹೇಳಬಾರದು, ಅವನ ಅಂಗೈ ಸುಲಿದುಹೋಗಿತ್ತು. ದಯಾನಂದನ ಕೈಗೆ ಹಗ್ಗ ಎರಡು ಸಲ ಸಿಕ್ಕಿತು, ಎರಡು ಸಲವೂ ತೆರೆ ಅವನನ್ನು ಗೋಡೆಗೆ ಬಡಿಯಿತು. ಮೂರನೆಯ ಸಲ ಅವನು ಹಗ್ಗ ಹಿಡಿಯಲಿಲ್ಲ.

ನಾಳೆ ತಾರಿಣಿ, ಬಂಡೆಗಳ ನಡುವೆ ಸಿಕ್ಕಿ ಉಳಿದ ಅದೇ ದೋಣಿಯಲ್ಲಿ ಮೊದಲ ಸಲ ಕಡಲಿಗೆ ಇಳಿಯುತ್ತಾಳೆ. ಬೇಡ ಎಂದೆ, ಕೇಳಲಿಲ್ಲ, ಕಡಲು ಬಿಟ್ಟರೆ ಉಣ್ಣಲು ನಮಗೆ ಬೇರೆ ಏನೂ ಇಲ್ಲ. ನೈಋತ್ಯದಲ್ಲಿ ಮೋಡ ಕಟ್ಟಿದೆ. ನಾನು ಇದನ್ನು ಬರೆಯುವುದನ್ನು ನೋಡಿ ಅವಳು ಹೇಳಿದಳು: “ಬಯ್ದು ಬರೀಬೇಡ ಅಮ್ಮ. ಬಯ್ದ್ರೆ ಅವ್ರು ಓದುದಿಲ್ಲ.” ಅವಳು ನನಗಿಂತ ಜಾಣೆ. ನನ್ನಿಂದ ಆಗಲಿಲ್ಲ.

ಈ ಪತ್ರವನ್ನು ಬೆಲೆಯಿಲ್ಲದ ಒಂದು ನಾಣ್ಯಕ್ಕೆ ಕಟ್ಟಿ ನಿಮ್ಮ ಖಾತೆಗೆ ಕಳಿಸಿದ್ದೇನೆ. ಸರಪಳಿ ಹಿಂದಕ್ಕೆ ಹರಿಯುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ನಲ್ಲಿಯಿಂದ ಬಂದ ನಾಣ್ಯಗಳ ನಡುವೆ ನೀವು ಬೇಡದೆ ಬಂದದ್ದೊಂದು ಕಂಡರೆ ಅದು ನನ್ನದು.

ನಿಮ್ಮ ಬೆರಳು ಎಂಟರ್ ಮೇಲಿದೆ. ತೆಗೆಯಿರಿ. ಪಟ್ಟಿ ತೆರೆದು ಆ ಒಂದು ಸಾಲು ಅಳಿಸಿ, ಆಮೇಲೆ ಯಾವ ಜಾಲಕ್ಕೆ ಬೇಕಾದರೂ ಸೇರಿಸಿಕೊಳ್ಳಿ. ಗುರುದತ್ತ ಪಕ್ಕದಲ್ಲೇ ಕೂತಿದ್ದಾರೆ. ಆ ಕಾಫಿ ಏನೇ ಇರಲಿ, ಬೇಕಿದ್ದರೆ ಬಾಯಿಬಿಟ್ಟು ಕೇಳಿ.

ನಾಳೆ ಸಂಜೆ ದೋಣಿ ಮರಳುವ ಹೊತ್ತಿಗೆ ನಾನು ದಕ್ಷಿಣ ಬಾಗಿಲ ಮೇಲೆ ನಿಂತಿರುತ್ತೇನೆ. ಕೈಯಲ್ಲಿ ಹಗ್ಗ ಇರುತ್ತದೆ. ಅದು ಬೇಕಾಗದ ಹಾಗೆ ಮಾಡುವುದು ನಿಮಗೆ ಬಿಟ್ಟದ್ದು.

ತೆಂಕಮನೆ ಲೋಲಾಕ್ಷಿ