ಬುರುಡೆ ಬಟ್ಟಲು ನಿಂತ ಜಾಗ

ಅಕ್ಟೋಬರ್ 17, ಸಂಜೆ 6

ಮೂರು ಬಸ್ಸು. ಎಪ್ಪತ್ತೆರಡು ಲೈಫ್ ಜಾಕೆಟ್ ಕೊಟ್ಟೆ, ಅಷ್ಟನ್ನೂ ಒಣಗಿಸಿದೆ. ಮೈಗೆ ಕ್ರೀಮ್ ಬಳಿದುಕೊಂಡು ಬಂದವರನ್ನು ತೊಳೆದುಕೊಳ್ಳಲು ನಲ್ಲಿಗೆ ಕಳಿಸಿದೆ. ನೆಲ ಕುಸಿದು ಆದ ಈ ಸೆನೋಟೆ ಹೊಂಡದ ನೀರನ್ನೇ ಊರು ಕುಡಿಯುವುದು — ಅವರಿಗೇನು. ಮೆಟ್ಟಿಲಿಳಿದು ಕೆಳಗೆ ಹೋಗಲಿಲ್ಲ. ನನ್ನ ಗಂಡ ನಾಸಾರಿಯೊ ಇಲ್ಲಿ ಮುಳುಗಿ ಸತ್ತ ಮೇಲೆ, ನಾಲ್ಕು ತಿಂಗಳಿಂದ, ಹೋಗಿಲ್ಲ. ಗೇಟಿನ ಕೆಲಸ ಸಾಕು.

ಕೆಳಗಿನಿಂದ ಚಪ್ಪಾಳೆ ಕೇಳಿತು. ಈಜುವುದಕ್ಕೆ ಚಪ್ಪಾಳೆ ಯಾಕೆ?

ಅಕ್ಟೋಬರ್ 18

ಇಳಿದೆ.

ಮೈದುನ ದೊನಾತೊ ಬಂಡೆಯ ಮೇಲೆ ನಿಂತಿದ್ದ. ನೀರಿನ ಮೇಲೆ ನಮ್ಮ ಸೋರೆ ಬುರುಡೆಯ ಬಟ್ಟಲು, ಅದರೊಳಗೆ ಉರಿಯುವ ಮೇಣದಬತ್ತಿ. "ಮುಳುಗಿದೋರು ಎಲ್ಲಿದ್ದಾರೋ ಅಲ್ಲೇ ಇದು ಹೋಗಿ ನಿಲ್ಲುತ್ತೆ. ನಮ್ಮಣ್ಣನ್ನ ಹಿಂಗೇ ಹುಡುಕಿದ್ದು." ಬಟ್ಟಲು ತೇಲುತ್ತ ಹೋಗಿ ಮೂಡಣ ಬಂಡೆಯ ಹತ್ತಿರ ನಿಂತಿತು. ಚಪ್ಪಾಳೆ. ಒಬ್ಬಳು ಅಳುತ್ತಲೇ ಫೋಟೊ ತೆಗೆದಳು.

ಬಟ್ಟಲಿಗೆ ನೈಲಾನ್ ದಾರ. ಅದರ ತುದಿ ದೊನಾತೊನ ಕಾಲ್ಬೆರಳಿಗೆ.

ನಾಸಾರಿಯೊನನ್ನು ಹುಡುಕಿದ ದಿನ ದಾರ ಇರಲಿಲ್ಲ. ಪಟ್ಟಣದಿಂದ ಬಂದ ಮುಳುಗುಗಾರರು ಎರಡು ದಿನ ಪಡುವಣ ಕಡೆಯೇ ಹುಡುಕಿದರು. ಆಮೇಲೆ ಅತ್ತೆ ಬತ್ತಿ ಹಚ್ಚಿ ಬಟ್ಟಲು ಬಿಟ್ಟರು. ದಿನಾ ಅವನು ಜೋಳದ ಗಂಜಿ ಕುಡಿಯುತ್ತಿದ್ದ ಬಟ್ಟಲು. ಅವನನ್ನು ಗುರುತು ಹಿಡಿಯುತ್ತದೆ ಎಂದರು. ಹಿಡಿಯಿತು.

ಆಮೇಲೆ ಬಟ್ಟಲನ್ನು ಚರ್ಚಿನಲ್ಲಿ ಇಡುತ್ತೇನೆ ಎಂದು ದೊನಾತೊ ಕೇಳಿದ. ಕೊಟ್ಟೆ. ನನಗೆ ಬುದ್ಧಿ ಎಲ್ಲಿ ಹೋಗಿತ್ತು...

ಅಕ್ಟೋಬರ್ 19, ರಾತ್ರಿ ಊಟಕ್ಕೆ ಮುಂಚೆ

ಕೇಳಿಯೇಬಿಟ್ಟೆ.

"ಅತ್ತಿಗೆ, ಪಕ್ಕದೂರಿನ ಹೊಂಡದಲ್ಲಿ ಜೋಕಾಲಿ ಐತೆ. ನಮ್ಮಲ್ಲೇನೈತೆ? ಬಾವಲಿ."

"ನಿಮ್ಮಣ್ಣ ಸಿಕ್ಕಿದ್ನಲ್ಲ, ಆಟಕ್ಕೆ."

"ಅಣ್ಣ ಇದ್ದಿದ್ರೆ ನಗೋನು."

ನಗುತ್ತಿದ್ದ. ಹೊಟ್ಟೆ ಉರಿಯುವುದು ಅದಕ್ಕೇ.

"ಯಾರದೋ ಫೋನ್ ಬಿತ್ತು, ಇಳಿದು ತಗೊಂಡ್ ಬಾ ಅಂತ ಅವನನ್ನ ಕಳಿಸಿದ್ಯಾರು ದೊನಾತೊ? ಅದನ್ನೂ ಹೇಳು ಬಸ್ಸಿನೋರಿಗೆ."

ಅವನು ದಾರ ಸುತ್ತತೊಡಗಿದ. "ಹೊತ್ತಾಯ್ತು. ಗೇಟು ಹಾಕಿ ಅತ್ತಿಗೆ."

ಅಕ್ಟೋಬರ್ 31, ಸಂಜೆ 7

ಹನ್ನೊಂದು ದಿನ ಬರೆಯಲಿಲ್ಲ. ಆಟ ಈಗ ದಿನಕ್ಕೆ ಎರಡು.

ಇಂದು ಸತ್ತ ಮಕ್ಕಳು ಉಣ್ಣಲು ಬರುವ ದಿನ. ಓಣಿಯಲ್ಲೆಲ್ಲ ಎಡೆಯ ವಾಸನೆ. ಕೊನೆಯ ಬಸ್ಸು ಹೋದ ಮೇಲೆ ಕೆಳಗಿಳಿದೆ. ಬಂಡೆಯ ಮೇಲಿದ್ದ ಬಟ್ಟಲಿನ ದಾರವನ್ನು ಅಡುಗೆ ಚಾಕುವಿನಿಂದ ಕತ್ತರಿಸಿದೆ. ಬಟ್ಟಲು ಮನೆಗೆ ತಂದೆ.

ದೊನಾತೊ ನೋಡಿರಬೇಕು; ನಾನು ಮನೆ ಮುಟ್ಟುವಷ್ಟರಲ್ಲಿ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ದೊನಾತೊ ಹೇಳಿಕಳಿಸಿದ್ದಾನೆ. ಬಟ್ಟಲು ವಾಪಸ್ ಬೇಕಂತೆ. ನಾಳೆ ಜಾಸ್ತಿ ಜನ ಬರ್ತಾರಂತೆ."

ಅಂಚಿಗೆ ಉಳಿದಿದ್ದ ದಾರದ ಗಂಟು ತೋರಿಸಿದೆ. ಅತ್ತೆ ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

"ಇದನ್ನ ಎಳೀತಿದ್ನಾ?"

"ಕಾಲ್ಬೆರಳಿಂದ."

ಅತ್ತೆ ಉಗುರಿನಿಂದ ಮೇಣ ಕೆರೆದರು, ಹಲ್ಲಿನಿಂದ ಗಂಟು ಬಿಚ್ಚಿದರು. ಮೂರು ಸಲ ತೊಳೆದು ನಾಸಾರಿಯೊನ ಫೋಟೊ ಮುಂದೆ ಇಟ್ಟರು. ಜೋಳ ಬೇಯಲು ಹಾಕಿದ್ದೇನೆ. ಸತ್ತ ದೊಡ್ಡವರು ಉಣ್ಣಲು ಬರುವುದು ನಾಳೆ.

ಗೇಟಿನ ಬೀಗದ ಕೈ ನನ್ನ ಹತ್ತಿರವೇ ಇದೆ. ನಾಳೆ ಮೊದಲ ಬಸ್ಸು ಒಂಬತ್ತಕ್ಕೆ.