ಚಿಲಕದ ಸದ್ದಿನ ಬಾಲ

ಫೆಬ್ರವರಿ 3, ಬೆಳಿಗ್ಗೆ

ಈ ಮನೆಗೂ ಕೆಳಗಿನ ವರ್ಕ್‌ಶಾಪಿಗೂ ಯಜಮಾನಿ ನಾನು. ಗಂಡ ಇದ್ದಾಗಲೂ ನಾನೇ. ಓದಿದ್ದು ಹೈಸ್ಕೂಲಿನವರೆಗೆ. ಆದರೆ ನನ್ನ ಕಿವಿ ದಾಟದೆ ಇಲ್ಲಿಂದ ಒಂದು ಆಟವೂ ಹೊರಗೆ ಹೋಗಿಲ್ಲ. ಟಿವಿಗೆ ಸಿಕ್ಕಿಸಿ ಆಡುವ ಕ್ಯಾಸೆಟ್ ಆಟಗಳು. ಪ್ರೋಗ್ರಾಂ ಗಂಡನದು, ಚಿತ್ರ ನಾದಿನಿಯದು, ಸದ್ದು ಮಗನದು. ಒಪ್ಪಿಗೆ ನನ್ನದು.

ಈಗ ಕೆಳಗೆ ಬರೀ ರಿಪೇರಿ. ಎಂದಿನಂತೆ ಬೀಗ ತೆಗೆದೆ, ಮೇಜು ಒರೆಸಿದೆ. ಅಷ್ಟರಲ್ಲಿ ಫೋನು. ಯಾವುದೋ ಕಂಪನಿಯವನು. ನಮ್ಮ ಕಲ್ಲುಕೋಟೆ ಆಟವನ್ನು ಹೊಸ ಮೆಷಿನ್‌ಗಳಿಗೆ ಮತ್ತೆ ತರುತ್ತಾರಂತೆ. ಚಿತ್ರ ಅಷ್ಟಕ್ಕಷ್ಟೇ, ಸದ್ದಿಗೆ ಜನ ಇವತ್ತಿಗೂ ಸಾಯುತ್ತಾರೆ ಅಂದ. ಶುರುವಿನಲ್ಲೇ "ಸದ್ದು" ಎಂದು ಮಗನ ಹೆಸರು ದೊಡ್ಡದಾಗಿ ಬರುತ್ತದೆ.

ನಾದಿನಿಗೆ ಹೇಳಿದೆ. ಚಿತ್ರ ಅಷ್ಟಕ್ಕಷ್ಟೇ ಎಂಬುದನ್ನು ಬಿಟ್ಟು.

"ಇವತ್ತು ಅತ್ತಿಗೆ ಕಾಲು ನೆಲದ ಮೇಲಿಲ್ಲ," ಅಂದಳು.

ಇರಲಿ. ಅವನ ಕಿವಿ ನನ್ನದೇ. ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ, ಇನ್ನೂ ಹೇಳುತ್ತೇನೆ.

ಫೆಬ್ರವರಿ 6

ಹಳೆಯ ಕ್ಯಾಸೆಟ್ಟನ್ನು ಕಂಪನಿಯವನೇ ಬಂದು ಒಯ್ದ. ಇದ್ದದ್ದು ಅದೊಂದೇ. ಅದರ ನಕಲು ಮಗನ ಕಂಪ್ಯೂಟರಿನಲ್ಲಿದೆ, ಅವನು ಸದ್ದನ್ನೆಲ್ಲ ಶುದ್ಧಮಾಡಿ ಕೊಡಬೇಕು.

ಅವನ ಹಿಂದೆ ಕುರ್ಚಿ ಹಾಕಿಕೊಂಡು ಕೂತೆ. ಪರದೆ ತುಂಬ ಅಂಕಿ. ಕ್ಯಾಸೆಟ್ಟಿನೊಳಗೆ ಸದ್ದು ಅಂತ ಏನೂ ಇರುವುದಿಲ್ಲ — ಬಂದವರಿಗೆಲ್ಲ ನಾನೇ ವಿವರಿಸುತ್ತಿದ್ದೆ. ಸದ್ದು ಮಾಡುವುದು ಮೆಷಿನ್ನಿನ ಚಿಪ್. ಎಷ್ಟು ಎತ್ತರದ ಸ್ವರ, ಎಷ್ಟು ಜೋರು, ಎಷ್ಟು ಹೊತ್ತು — ಅದನ್ನು ಹೇಳುವ ಅಂಕಿಗಳು ಮಾತ್ರ ಒಳಗೆ. ಸಾಲಾಗಿ ಓದುತ್ತಾ ಹೋಗುತ್ತದೆ. 255 ಸಿಕ್ಕಿತೋ, ನಿಲ್ಲುತ್ತದೆ. ಸಿಗದಿದ್ದರೆ ಮುಂದೇನಿದೆಯೋ ಅದನ್ನೂ ಓದುತ್ತದೆ. ಅದಕ್ಕೆ ನಾಚಿಕೆಯಿಲ್ಲ.

ಸದ್ದು ಹೊರಡಲು ಇರುವುದು ನಾಲ್ಕೇ ದಾರಿ. ನಾಲ್ಕರಲ್ಲೂ ಹಾಡು ನಡೆಯುತ್ತಿರುತ್ತದೆ. ಚಿಲಕ ಬಿದ್ದರೆ, ಕಲ್ಲು ಉರುಳಿದರೆ ಹಾಡು ಒಂದು ದಾರಿ ಬಿಟ್ಟುಕೊಡಬೇಕು. ಎರಡು ಸದ್ದು ಒಂದೇ ದಾರಿಗೆ ಬಂದರೆ ದರ್ಜೆ ನೋಡುತ್ತದೆ. ದೊಡ್ಡ ದರ್ಜೆಯದು ಬಂದಾಗ ಸಣ್ಣದು ಬಾಯಿ ಮುಚ್ಚಬೇಕು. ಮನೆ ನಡೆಸಿ ಗೊತ್ತಿದ್ದವರೇ ಮಾಡಿದ ನಿಯಮ.

"ಅಮ್ಮ, ನೀನು ಮೇಲೆ ಹೋಗು. ಬೆನ್ನು ಉರಿಯುತ್ತೆ ನಂಗೆ," ಅಂದ.

ಹೋಗಲಿಲ್ಲ.

ಫೆಬ್ರವರಿ 11, ಮಧ್ಯಾಹ್ನ

ಮಗ ಮುಗಿಸಿದ. ಕೇಳಿಸಿದ. ಹೆಜ್ಜೆ ಸರಿ. ನೀರು ಸರಿ. ಕೋಟೆಯ ಬಾಗಿಲು — ಟಕ್. ಅಷ್ಟೇ.

ಟಕ್ ಆದ ಮೇಲೆ ಒಂದು ಗುರುಗುರು ಬರುತ್ತಿತ್ತು. ಚಿಲಕ ಬಿದ್ದು, ಆಮೇಲೆ ಕಲ್ಲಿನ ಬಾಗಿಲು ನೆಲ ಕೊರೆಯುತ್ತಾ ಸರಿದ ಹಾಗೆ. ಮೊದಲ ಸಲ ಕೇಳಿದಾಗ ತೋಳಿನ ಮೇಲೆ ಕೂದಲು ಎದ್ದಿತ್ತು. ಕಲ್ಲುಕೋಟೆಗೆ ನಾನು ಒಪ್ಪಿಗೆ ಕೊಟ್ಟದ್ದೇ ಆ ಬಾಲಕ್ಕೆ.

"ಬಾಲ ಎಲ್ಲಿ?" ಅಂದೆ.

"ಯಾವ ಬಾಲ?"

"ಟಕ್ ಆದ್ಮೇಲಿಂದು."

"ಎಲ್ಲಾ ಇದ್ದ ಹಾಗೇ ಇದೆ. ಅಮ್ಮ, ಬೇಜಾರು ಮಾಡ್ಕೋಬೇಡ — ನಿನ್ನ ಕಿವಿ ಮೊದಲಿನ ಹಾಗಿಲ್ಲ. ಮೊನ್ನೆ ಕುಕ್ಕರ್ ಕೂಗಿದ್ದೂ ಕೇಳಿಸ್ಲಿಲ್ಲ."

ನಾದಿನಿ ಬಾಗಿಲಲ್ಲೇ ನಿಂತಿದ್ದಳು. ಅವಳೆದುರು ಅಂದ.

ಫೆಬ್ರವರಿ 12

ನಾದಿನಿಯನ್ನು ಕೇಳಿದೆ. "ನಾನು ಚಿತ್ರದವಳು ಅತ್ತಿಗೆ. ಬಾಗಿಲಿಗೆ ಬಣ್ಣ ಹಚ್ಚಿದ್ದು ಗೊತ್ತು, ಅದು ಕಿರ್ ಅಂತೋ ಗುರ್ ಅಂತೋ ನನ್ನ ಕೇಳ್ಬೇಡಿ."

ಸಾಕ್ಷಿಯೂ ಇಲ್ಲ, ಕ್ಯಾಸೆಟ್ಟೂ ಇಲ್ಲ. ಇಡೀ ದಿನ ಕುಕ್ಕರಿನ ಪಕ್ಕವೇ ನಿಂತೆ.

ಫೆಬ್ರವರಿ 20

ಕಿವಿ ಪರೀಕ್ಷೆಗೆ ಹೋದೆ. ಬೇರೆ ಕಡೆಗೂ ಹೋಗಬಹುದಿತ್ತು. ಸೇತುವೆ ಆಚೆಯ ಅಂಗಡಿಗೇ ಹೋದೆ, ಕಿವಿಯ ಮೆಷಿನ್ ಮಾರುವ ಅಂಗಡಿಗೆ. ಅಲ್ಲಿರುವುದು ಸೊಸೆ. ಸೊಸೆಯಾಗಿದ್ದವಳು. ಮಗನನ್ನು ಬಿಟ್ಟು ಹೋದ ಮೇಲೆ ಮಾತಾಡಿಸಿರಲಿಲ್ಲ.

"ಬನ್ನಿ ಮೇಡಂ, ಕೂತ್ಕೊಳ್ಳಿ," ಅಂದಳು. ಮೇಡಂ. ಗಿರಾಕಿಗೆ ಹೇಳುವ ಹಾಗೆ.

ಗಾಜಿನ ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿದಳು. ತಲೆಗೆ ಹೆಡ್‌ಫೋನು. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಒತ್ತಿದೆ.

"ತೀರಾ ಮೇಲಿನ ಸ್ವರ ಸ್ವಲ್ಪ ಹೋಗಿದೆ. ಕುಕ್ಕರ್ ಕೂಗು, ಹಕ್ಕಿ — ಅಂಥದ್ದು. ತಗ್ಗಿನ ಸ್ವರ ನನಗಿಂತ ಚೆನ್ನಾಗಿ ಕೇಳುತ್ತೆ ನಿಮಗೆ."

"ಹಾಗಾದ್ರೆ ಕಲ್ಲುಕೋಟೆ ಬಾಗಿಲಿನ ಗುರುಗುರು ಇದ್ದಿದ್ದು ನಿಜ."

ಕೈಯಲ್ಲಿದ್ದ ವೈರು ಸುತ್ತುವುದನ್ನು ನಿಲ್ಲಿಸಿದಳು.

"ಅದನ್ನ ಕತ್ತರಿಸಿದ್ರಾ?"

"ನಿಂಗೇನು ಗೊತ್ತು ಅದರ ವಿಷಯ?"

"ಅದು ಬೇರೆ ಸದ್ದಲ್ಲ ಅತ್ತೆ. ಕ್ಯಾಸೆಟ್ಟಲ್ಲಿ ಜಾಗ ಮುಗಿದುಹೋಗಿತ್ತು. ಬಾಗಿಲಿಗೆ ಉದ್ದ ಸದ್ದು ಕೊಡೋ ಹಾಗಿರ್ಲಿಲ್ಲ. ಅದಕ್ಕೇ ಚಿಲಕದ ಅಂಕಿಗಳನ್ನ ಕಲ್ಲು ಉರುಳೋ ಸದ್ದಿನ ತಲೆ ಮೇಲೇ ಕೂರಿಸಿದೆ. ಮಧ್ಯೆ 255 ಹಾಕ್ಲಿಲ್ಲ. ಚಿಲಕ ಓದಿ ಮುಗಿಸಿದ ಚಿಪ್ ನಿಲ್ಲದೆ ಕಲ್ಲಿಗೆ ಹೋಗುತ್ತೆ. ಒಂದೇ ಕಲ್ಲು, ಎರಡು ಕೆಲಸ."

"ಕೂರಿಸಿದೆ ಅಂದ್ರೆ? ಯಾರು?"

"ಬಿಡಿ."

"ನೀನು ಸಾಯಂಕಾಲ ಅವನಿಗೆ ಕಾಫಿ ಕೊಡೋಕೆ ಕೆಳಗೆ ಹೋಗ್ತಿದ್ದೆ."

"ಕಾಫಿ ಕುಡಿಯೋಕೆ ಎಷ್ಟು ಹೊತ್ತು ಬೇಕು ಅತ್ತೆ, ಲೆಕ್ಕ ಹಾಕಿ. ಬರೀ ಬಾಗಿಲಲ್ಲ. ಎಲ್ಲಾ ನಂದೇ."

ಸುಳ್ಳಿಗೂ ಒಂದು ಮಿತಿ ಇರಬೇಕು ಅಂದೆ. ಸಿಟ್ಟಾಗಲಿಲ್ಲ ಅವಳು.

"ನನ್ನ ನಂಬಬೇಡಿ. ಚಿಲಕದ ಕೊನೇಲಿ 255 ಯಾಕಿರ್ಲಿಲ್ಲ ಅಂತ ನಿಮ್ಮ ಮಗನನ್ನೇ ಕೇಳಿ. ಮಾಡಿದವರಿಗೆ ಗೊತ್ತಿರುತ್ತೆ."

"ಆಗಲೇ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನಂಬ್ತಿದ್ರಾ?"

"ಇಲ್ಲ."

ವೈರು ಪೂರ್ತಿ ಸುತ್ತಿ ಇಟ್ಟಳು. ಪರೀಕ್ಷೆಯ ದುಡ್ಡು ಬೇಡ ಅಂದಳು. ಮೇಜಿನ ಮೇಲಿಟ್ಟು ಬಂದೆ.

ಫೆಬ್ರವರಿ 21, ಬೆಳಿಗ್ಗೆ

ತಿಂಡಿ ಬಡಿಸುತ್ತಾ ಮಗನನ್ನು ಕೇಳಿದೆ. ಮಾಮೂಲಿ ದನಿಯಲ್ಲೇ.

"ಹಳೇ ಕ್ಯಾಸೆಟ್ಟಲ್ಲಿ ಚಿಲಕದ ಕೊನೇಲಿ 255 ಇತ್ತಾ?"

ತುತ್ತು ಕೈಯಲ್ಲೇ ಉಳಿಯಿತು. "ಯಾರು ಹೇಳಿದ್ದು?"

"ಇತ್ತಾ, ಇಲ್ವಾ?"

"ಇರ್ಲಿಲ್ಲ. ಮರೆತಿದ್ದೆ ಕಣಮ್ಮ. ಆಗ ಆತುರ, ಅಪ್ಪ ತಲೆ ಮೇಲೆ ನಿಂತಿರೋರು. ನನ್ನದೇ ತಪ್ಪು, ಒಪ್ಕೋತೀನಿ. ಹುಚ್ಚುಹುಚ್ಚಾಗಿ ಪಕ್ಕದ ಸದ್ದಿಗೆ ನುಗ್ತಿತ್ತು. ಈಗ ಸರಿಮಾಡಿದೀನಿ."

ಮರೆತಿದ್ದನಂತೆ. ನನ್ನ ತೋಳಿನ ಕೂದಲು ಎಬ್ಬಿಸಿದ್ದು ಇವನ ಮರೆವು. ಮತ್ತೆ "ಎಲ್ಲಾ ಇದ್ದ ಹಾಗೇ ಇದೆ" ಅಂದಿದ್ದೋ? ನನ್ನ ಕಿವಿಗೆ ವಯಸ್ಸಾಯಿತು ಅಂದಿದ್ದೋ?

ಇನ್ನೊಂದು ಸುತ್ತು ಬಡಿಸಿದೆ. ತಿಂದ.

ಫೆಬ್ರವರಿ 22

ಸೊಸೆ ಮನೆ ಬಿಟ್ಟು ಹೊರಟ ದಿನ "ಈ ಮನೇಲಿ ನಂದು ಅಂತ ಏನೂ ಇಲ್ಲ" ಅಂದಿದ್ದಳು. ನನಗೆ ಮೈ ಉರಿದಿತ್ತು. ಬಟ್ಟೆ, ಒಡವೆ, ಅವಳ ತವರಿನ ಪಾತ್ರೆ — ಒಂದೂ ಬಿಡದೆ ಕಟ್ಟಿಸಿ ಕಳಿಸಿದ್ದೆ. ಇನ್ನೇನು ಉಳಿಯಿತು ಎಂದು ನಾದಿನಿಯ ಮುಂದೆ ಕೂಗಾಡಿದ್ದೆ.

ನಾದಿನಿಗೆ ಇವತ್ತು ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ. ಆದ್ರೆ ಅವಳು ಹೋದ್ಮೇಲೆ ನಿಮ್ಮ ಮಗ ಒಂದು ಹೊಸ ಸದ್ದೂ ಮಾಡ್ಲಿಲ್ಲ. ದುಃಖ ಅಂತ ಅಂದ್ಕೊಂಡಿದ್ದೆ."

ನಾನೂ ಹಾಗೇ ಅಂದುಕೊಂಡಿದ್ದೆ. ಆ ದುಃಖಕ್ಕೂ ಹೆಮ್ಮೆಪಟ್ಟಿದ್ದೆ.

ಫೆಬ್ರವರಿ 27

ಮತ್ತೆ ಸೇತುವೆ ದಾಟಿದೆ. ಒಳಗೆ ಹೋಗಲಿಲ್ಲ. ಅವಳೇ ಹೊರಗೆ ಬಂದಳು.

"ನಿನ್ನ ಹೆಸರು ಹಾಕಿಸ್ತೀನಿ," ಅಂದೆ.

"ಬೇಡ."

"ಬಿಗುಮಾನ ಬಿಡು."

"ಬಿಗುಮಾನ ನಿಮ್ಮನೇಲೇ ಕಲಿತಿದ್ದು ಅತ್ತೆ, ಬಿಡೋದು ಕಷ್ಟ. ಆ ಮನೆ ಆಟದ ಮೇಲೆ ನನ್ನ ಹೆಸರು ಬೇಡ. ಬಾಲ ಮಾತ್ರ ವಾಪಸ್ ಹಾಕಿಸಿ. ಬರೀ ಟಕ್ ಅಂದ್ರೆ ಅದು ಡಬ್ಬಿ ಮುಚ್ಚಳ, ಕೋಟೆ ಬಾಗಿಲಲ್ಲ."

ಒಳಗೆ ಹೋದಳು. ಕೂರಿ ಅನ್ನಲಿಲ್ಲ. ನಾನಾಗಿದ್ದರೂ ಅನ್ನುತ್ತಿರಲಿಲ್ಲ.

ಮಾರ್ಚ್ 1, ಸಂಜೆ

ಬೆಳಿಗ್ಗೆಯೇ ಕಂಪನಿಯವನಿಗೆ ಫೋನು ಮಾಡಿ ಮುಗಿಸಿದೆ. ಹಳೆಯ ಕ್ಯಾಸೆಟ್ಟಿನ ಅಂಕಿಗಳನ್ನೇ ಹಾಕಬೇಕು, ಒಂದನ್ನೂ ಮುಟ್ಟಬಾರದು. ಸದ್ದು ಎಂದಿರುವ ಕಡೆ ಮಗನ ಹೆಸರು ತೆಗೆಯಬೇಕು.

"ಮತ್ತೆ ಯಾರದು ಹಾಕೋಣಮ್ಮ?"

"ಯಾರದೂ ಬೇಡ. ಖಾಲಿ ಬಿಡಿ."

"ಖಾಲಿ ಬಿಟ್ರೆ ನೋಡಿದವರು ಕೇಳ್ತಾರೆ."

"ಕೇಳ್ಲಿ."

ವರ್ಕ್‌ಶಾಪಿನ ಗೋಡೆಯ ಮೇಲೆ ಫ್ರೇಮು ಹಾಕಿಸಿದ್ದ ಆಟದ ಡಬ್ಬಿಯ ಮುಖಪುಟ, ಮಗನ ಹೆಸರಿದ್ದದ್ದು, ಇಳಿಸಿದೆ. ಗೋಡೆಯಲ್ಲಿ ಚೌಕಾಕಾರದ ಬಿಳಿ ಕಲೆ ಉಳಿದಿದೆ. ಸುಣ್ಣ ಹೊಡೆಸಬೇಕು.

ಮಧ್ಯಾಹ್ನ ಮಗ ಬಂದ. ಕಂಪನಿಯಿಂದ ಸುದ್ದಿ ಹೋಗಿತ್ತು.

"ಹೊರಗಿನವಳಿಗೋಸ್ಕರ ನನ್ನ ಮರ್ಯಾದೆ ತೆಗೆದ್ಯಾ?"

"ಮರ್ಯಾದೆ ನಂದು. ನಿನ್ನ ಹೆಸರಲ್ಲಿ ಊರಿಗೆಲ್ಲ ಹಂಚಿದ್ದೆ. ವಾಪಸ್ ತಗೊಂಡೆ."

"ಇನ್ನೊಂದು ಸಲ ಫೋನ್ ಮಾಡು ಅಮ್ಮ. ಅಮ್ಮ, ಪ್ಲೀಸ್."

"ವರ್ಕ್‌ಶಾಪಿನ ಬೀಗದ ಕೈ ಮೇಜಿನ ಮೇಲಿಡು."

ಇಟ್ಟ. ಉಣ್ಣದೆ ಹೊರಟ. ಇಳಿದು ಹೋಗಿ ಬಾಗಿಲು ಎಳೆದುಕೊಂಡ. ಚಿಲಕ ಟಕ್ ಎಂದಿತು. ಕಿವಿಗೊಟ್ಟು ಕೂತೆ. ತಗ್ಗಿನ ಸ್ವರ ನನಗೆ ಚೆನ್ನಾಗಿ ಕೇಳುತ್ತದೆ. ಈ ಸಾಲಿನ ಕೊನೆಗೆ ನಾನೂ 255 ಹಾಕುವುದಿಲ್ಲ. ಟಕ್ ಆದ ಮೇಲೆ